ರುಚಿ ನೋಡುವುದು ಊಟವಲ್ಲ

ನಾಸಿಕದ ಪಂಚವಟಿಯಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಬಂದ ನನ್ನ ಗಂಡ ಕಟ್ಟಿದ್ದು. ಒಲೆಯಿಂದ ಇಳಿದದ್ದು ಯಾವುದೇ ಇರಲಿ, ಮೊದಲು ಅವರ ಅಂಗೈಗೆ ಬೀಳದೆ ಗಿರಾಕಿಯ ತಟ್ಟೆಗೆ ಹೋಗುವಂತಿಲ್ಲ. ಸಾಂಬಾರು, ಚಟ್ನಿ, ಉಪ್ಪಿಟ್ಟು, ಎಲ್ಲಕ್ಕೂ ಅದೇ ಕಾನೂನು. ಏಕಾದಶಿಯ ದಿನವೂ ನೆಕ್ಕುತ್ತಾರೆ, ಉಪವಾಸ ಮುರಿಯಿತೆಂದು ಮಾತ್ರ ಒಪ್ಪುವುದಿಲ್ಲ. ರುಚಿ ನೋಡುವುದು ಊಟವಲ್ಲವಂತೆ.

ಹೋದ ಚಳಿಗಾಲದಲ್ಲಿ ಸಂಭಾಜಿನಗರದ ಮಗಳ ಮನೆಗೆ ಹೋಗಿದ್ದಾಗ ದೌಲತಾಬಾದ್ ಕೋಟೆ ಹತ್ತಲು ಹೊರಟೆವು. ಅರ್ಧ ದಾರಿಯೂ ಆಗಿರಲಿಲ್ಲ, ಇವರು ಏದುಸಿರು ಬಿಡುತ್ತ ಕೂತುಬಿಟ್ಟರು. "ಗ್ಯಾಸ್ ಮಾರಾಯ್ತಿ" ಎಂದರು. ಗಂಡಸರ ಎಲ್ಲ ಕಾಯಿಲೆಗೂ ಗ್ಯಾಸೇ ಕಾರಣ ತಾನೆ? ನೋಡಿದರೆ ಚಪ್ಪಲಿಯ ಪಟ್ಟಿ ಊದಿದ ಪಾದದಲ್ಲಿ ಹೂತುಹೋಗಿತ್ತು. ಮರುದಿನ ಮಗಳು ಅವರನ್ನು ಡಾಕ್ಟರ ಬಳಿ ಎಳೆದುಕೊಂಡು ಹೋದಳು.

ಹೃದಯ ವೈಫಲ್ಯ ಎಂದು ಕೇಳಿದಾಗ, ಹೃದಯ ನಿಂತೇಹೋಗುತ್ತದೆ ಎಂದುಕೊಂಡೆ. ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ವರ್ಷಗಟ್ಟಲೆ ಏರಿದ ರಕ್ತದೊತ್ತಡದ ಎದುರು ದುಡಿದು ದುಡಿದು ಹೃದಯದ ಸ್ನಾಯು ದಪ್ಪಗಾಗಿ, ಕೊನೆಗೆ ಸೋತಿತ್ತು. ಗಟ್ಟಿ ಹಿಟ್ಟು ರುಬ್ಬಿ ರುಬ್ಬಿ ನಮ್ಮ ಗ್ರೈಂಡರಿನ ಮೋಟಾರು ಸೋಲುವುದಿಲ್ಲವೇ, ಹಾಗೆ. ರಕ್ತ ಸಾಕಷ್ಟು ಬರುತ್ತಿಲ್ಲವೆಂದು ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಆ ನೀರು ಕಾಲಿಗಿಳಿಯುತ್ತದೆ, ಶ್ವಾಸಕೋಶದಲ್ಲೂ ನಿಲ್ಲುತ್ತದೆ. ನೀರಿಳಿಸಲು ಒಂದು ಮಾತ್ರೆ, ರಕ್ತನಾಳ ಸಡಿಲಿಸಿ ಹೃದಯದ ಭಾರ ತಗ್ಗಿಸಲು ಒಂದು, ಬಡಿತ ನಿಧಾನವಾಗಿಸಲು ಇನ್ನೊಂದು. ಮೊದಲು ಸಕ್ಕರೆ ಕಾಯಿಲೆಯವರಿಗಷ್ಟೇ ಕೊಡುತ್ತಿದ್ದ, ಈಗ ಹೃದಯಕ್ಕೂ ಕೊಡುವ ಮಾತ್ರೆಯೂ ಸೇರಿತು. ಉಪ್ಪು ಕಡಿಮೆ ಮಾಡಿ, ದಿನಾ ಬೆಳಿಗ್ಗೆ ತೂಕ ನೋಡಿ ಎಂದರು.

ಮಗಳ ಮನೆಯಲ್ಲಿದ್ದಷ್ಟು ದಿನ ಬಾವು ಇಳಿಯಿತು. ನಾಸಿಕಕ್ಕೆ ಬಂದ ಮೇಲೂ ನಾನು ಸಪ್ಪೆ ಅಡುಗೆಯನ್ನೇ ಮಾಡಿದೆ, ಮಾತ್ರೆಗಳನ್ನು ನಾನೇ ಕೈಗಿಟ್ಟೆ. ಅವರು ಹೋಟೆಲಿಗೆ ಹೋದ ಮೇಲೆ ನಾನು ಉಪ್ಪಿನಕಾಯಿ ಹಾಕಿಕೊಂಡು ಉಣ್ಣುತ್ತಿದ್ದೆ, ಸುಳ್ಳೇಕೆ? ಆದರೆ ಅವರ ತೂಕ ಮತ್ತೆ ಏರಿತು. ಮಲಗಿದರೆ ಉಸಿರು ಕಟ್ಟತೊಡಗಿತು. ಡಾಕ್ಟರು ಫೋನಿನಲ್ಲಿ ನೀರಿನ ಮಾತ್ರೆ ಹೆಚ್ಚಿಸಿ, ಉಪ್ಪು ಎಲ್ಲಿಂದ ಹೋಗುತ್ತಿದೆ ಹುಡುಕಿ, ಇಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾದೀತು ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಅವರ ಹಿಂದೆಯೇ ಹೋಟೆಲಿನ ಅಡುಗೆಮನೆಗೆ ಹೋದೆ. ಪಾತ್ರೆಯಿಂದ ಪಾತ್ರೆಗೆ ಅವರ ಅಂಗೈ ನಡೆದಿತ್ತು.

"ಇದೆಂತ ಮಾಡ್ತಾ ಇದ್ದೀರಿ?" ಎಂದೆ.

"ತಿನ್ಲಿಲ್ಲ ಮಾರಾಯ್ತಿ, ರುಚಿ ನೋಡಿದ್ದು."

"ನಿಮ್ಮ ಹೃದಯಕ್ಕೆ ಅದು ಗೊತ್ತುಂಟಾ?"

"ನಾನು ನೋಡದಿದ್ರೆ ಹೋಟೆಲಿನ ಹೆಸರು ಉಳೀತದಾ?"

"ನೀವು ಉಳಿಯುದು ಬೇಡ್ವಾ?"

ನಾನು ಸಾಂಬಾರಿನ ಮುಂದೆ ಅಂಗೈ ಒಡ್ಡಿದೆ. ಇಷ್ಟು ವರ್ಷಗಳಲ್ಲಿ ಆ ಕೆಲಸಕ್ಕೆ ಇನ್ನೊಬ್ಬರ ಕೈ ಮುಂದೆ ಬಂದದ್ದಿಲ್ಲ. ಅಡುಗೆ ಭಟ್ಟರು ಇವರ ಮುಖ ನೋಡಿದರು, ಇವರು ನೆಲ ನೋಡಿದರು. ಕೊನೆಗೆ ಭಟ್ಟರು ಅರ್ಧ ಸೌಟು ಸುರಿದರು.

"ಉಪ್ಪು ಸ್ವಲ್ಪ ಸಾಲದು" ಎಂದೆ.

ಇವರ ಕೈ ಅಭ್ಯಾಸಬಲದಿಂದ ಸೌಟಿನತ್ತ ಹೋಯಿತು. ಅರ್ಧದಲ್ಲೇ ನಿಂತಿತು. ಹೆಗಲ ಬೈರಾಸಿಗೆ ಅಂಗೈ ಒರೆಸಿಕೊಂಡು ಭಟ್ಟರಿಗೆ ಹೇಳಿದರು:

"ಅವಳು ಹೇಳಿದಷ್ಟು ಹಾಕಿ."