ಕೌಂಟರಿನ ಈಚೆ ನಿಂತವಳು

ರೇಷ್ಮಾ, ಆ ಪತ್ರ ನಿನ್ನದು. ಸ್ಪೇರ್ ಪಾರ್ಟ್ಸ್ ಅಂಗಡಿಯವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ನೀನು ಬರೆದದ್ದನ್ನು ಓದಿ. ನಿನ್ನ ಅರ್ಜಿಯಿಂದ ಅದನ್ನು ತೆಗೆದುಹಾಕಿದವಳೂ ನಾನೇ, ನನ್ನ ಅರ್ಜಿಗೆ ಸೇರಿಸಿಕೊಂಡವಳೂ ನಾನೇ. ಎರಡರ ನಡುವೆ ಒಂದೇ ದಿನದ ಅಂತರ — ನನ್ನ ಡೈರಿಯಲ್ಲಿ ಒಂದು ಬುಧವಾರದ ಪುಟ, ಅದರ ಮರುಪುಟ ಗುರುವಾರ.

ಬುಧವಾರದ ಪುಟದಲ್ಲಿ ‘ಟೈಪಿಂಗ್ ಒಂಬತ್ತು, ಅದರಲ್ಲಿ ಕವರಿಂಗ್ ಲೆಟರ್ ನಾಲ್ಕು’ ಎಂದಿದೆ. ಆ ನಾಲ್ಕರಲ್ಲಿ ಒಂದು ನಿನ್ನದು. ಗುರುವಾರ ‘ನನ್ನ ಅರ್ಜಿ, ಮೂವತ್ತೆರಡನೆಯದು, ಕಳಿಸಿದೆ’ ಎಂದಿದೆ. ಎಣಿಕೆ ಸರಿಯಾಗಿದೆ. ಸುಳ್ಳು ಬರೆದಿಲ್ಲ. ಆದರೆ ನಿಜ — ಅದನ್ನೂ ಬರೆದಿಲ್ಲ. ಮೂರು ವರ್ಷ ಎರಡು ತಿಂಗಳು ಆಯಿತು.

ನಾನಾಗ ವಿನೋಬನಗರದ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ಒಂದು ಪತ್ರ ಮೊದಲಿನಿಂದಲೂ ಇತ್ತು, ಯಾರು ಬರೆದದ್ದೋ ಗೊತ್ತಿಲ್ಲ. ನಾನು ಪ್ರಾಮಾಣಿಕ, ನಾನು ಶ್ರಮಜೀವಿ, ಒಂದು ಅವಕಾಶ ಕೊಟ್ಟರೆ ತಮ್ಮ ಸಂಪೂರ್ಣ ತೃಪ್ತಿಗೆ ತಕ್ಕಂತೆ ದುಡಿಯುತ್ತೇನೆ — ಎಲ್ಲವೂ ಇಂಗ್ಲಿಷಿನಲ್ಲಿ. ಹೆಸರು, ತಾರೀಖು, ಕಂಪನಿ ಮೂರನ್ನು ಬದಲಾಯಿಸಿದರೆ ಮುಗಿಯಿತು. ಬ್ಯಾಂಕಿಗೂ ಅದೇ, ಶಾಲೆಗೂ ಅದೇ, ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದಾಗ ಅಲ್ಲಿಗೆ ಅರ್ಜಿ ಹಾಕಿದವರಿಗೂ ಅದೇ. ನನ್ನ ಮೂವತ್ತೊಂದು ಅರ್ಜಿಗಳಿಗೂ ಅದನ್ನೇ ಹಚ್ಚಿದ್ದೆ. ಬಂದ ಉತ್ತರ ಒಂದು. ಅದೂ ‘ಹುದ್ದೆ ಭರ್ತಿಯಾಗಿದೆ’ ಎಂದು.

ನೀನು ಭದ್ರಾವತಿಯಿಂದ ಬಸ್ಸಿನಲ್ಲಿ ಬಂದಿದ್ದೆ. ಟೈಪ್ ಮಾಡಿಸಲು ಬಯೋಡೇಟಾ ತಂದಿದ್ದೆ. ಜೊತೆಗೆ ಒಂದು ಹಾಳೆ, ಎರಡೂ ಕಡೆ ಬಾಲ್‌ಪೆನ್ನಿನಲ್ಲಿ ಕನ್ನಡದಲ್ಲಿ ಬರೆದದ್ದು. ಸ್ಪೇರ್ ಪಾರ್ಟ್ಸ್ ಅಂಗಡಿಯ ಸ್ಟೋರ್ ನೋಡಿಕೊಳ್ಳುವ ಕೆಲಸಕ್ಕೆ ಅರ್ಜಿ.

“ಅಕ್ಕ, ಇದನ್ನ ಇಂಗ್ಲಿಷಲ್ಲಿ ಹಾಕ್ಕೊಡ್ತೀರಾ? ನಂಗೆ ಓದೋಕೆ ಬರುತ್ತೆ, ಬರೆಯೋಕೆ ಹೋದ್ರೆ ಎಲ್ಲಾ ಒಣಗಿಹೋಗುತ್ತೆ” ಎಂದೆ.

ನಾನು ಹಾಳೆಯ ಮೇಲೆ ಕಣ್ಣಾಡಿಸಿದೆ. ಓದಿದ್ದು ಮೂರು ಸಾಲು, ಅಷ್ಟೆ. “ಇದೆಲ್ಲ ಬರೆಯೋ ಹಾಗಿಲ್ಲಮ್ಮ. ಕವರಿಂಗ್ ಲೆಟರ್ ಅಂದ್ರೆ ಅದಕ್ಕೊಂದು ಫಾರ್ಮ್ಯಾಟ್ ಇದೆ. ಇದನ್ನ ಕಳಿಸಿದ್ರೆ ನಗ್ತಾರೆ.”

“ಹೌದಾ?” ಎಂದು ನೀನು ಹಾಳೆಯನ್ನು ಒಮ್ಮೆ ನೋಡಿದೆ. “ನಿಮಗೆ ಗೊತ್ತಿರುತ್ತೆ ಬಿಡಿ ಅಕ್ಕ. ದಿನಾ ಮಾಡೋರು ನೀವು.”

ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ಕ್ಷಣಕ್ಕೆ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಿರಲಿಲ್ಲ, ಇದು ಸತ್ಯ. ಆದರೆ ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಓದದೆಯೇ ತೀರ್ಪು ಕೊಟ್ಟೆ, ಅದು ಸುಳ್ಳಿಗಿಂತ ಕಡಿಮೆಯದೇನಲ್ಲ. ಮೂರು ಜಾಗ ಬದಲಾಯಿಸಿ ಪ್ರಿಂಟ್ ಕೊಟ್ಟೆ. ನೀನು ಅದನ್ನು ಮಡಚಿದರೆ ಗೀರು ಬಿದ್ದೀತೆಂದು ಫೈಲಿನೊಳಗೆ ನೇರವಾಗಿ ಇಟ್ಟುಕೊಂಡೆ. ಕೈಬರಹದ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಹೋದೆ.

ಸಂಜೆ ಬಾಗಿಲು ಹಾಕುವ ಮೊದಲು ಅದನ್ನು ಓದಿದೆ. ಕೂತು ಓದಲು ಶುರು ಮಾಡಿದವಳು, ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

ನೀನು ಬರೆದಿದ್ದೆ: ‘ನಾನು ನಿಮ್ಮ ಅಂಗಡಿಗೆ ಮಂಗಳವಾರ ಒಂದು ಗಂಟೆ, ಇವತ್ತು ಒಂದು ಗಂಟೆ ಗಿರಾಕಿಯ ಹಾಗೆ ಬಂದು ನಿಂತಿದ್ದೆ. ಕ್ಷಮಿಸಿ. ಒಟ್ಟು ಹನ್ನೊಂದು ಜನ ಕಾದರು. ಅದರಲ್ಲಿ ಏಳು ಜನರಿಗೆ ಬೇಕಾದದ್ದು ನಿಮ್ಮಲ್ಲಿ ಇತ್ತು. ಇದ್ದರೂ ಸಿಗಲಿಲ್ಲ. ಒಬ್ಬರು ಟಿಲ್ಲರಿನ ಆಯಿಲ್ ಸೀಲ್ ಹಿಡಿದು ಹೊಸನಗರದಿಂದ ಬಂದಿದ್ದರು. ಹೊಲದಲ್ಲಿ ಟಿಲ್ಲರ್ ಬಿಚ್ಚಿಟ್ಟು ಬಂದಿದ್ದೇನೆ ಎಂದು ಮೂರು ಸಲ ಹೇಳಿದರು. ನಿಮ್ಮವರು ಸೋಮಾರಿಗಳಲ್ಲ, ಒಳಗೆ ಓಡಾಡುತ್ತಲೇ ಇದ್ದರು. ಆದರೆ ಡಬ್ಬದ ಮೇಲೆ ಬರೆದ ನಂಬರು ಕೈಯಲ್ಲಿರುವ ಸವೆದ ಸಾಮಾನಿನ ಮೇಲೆ ಉಳಿದಿರುವುದಿಲ್ಲ.’

ಆಮೇಲೆ ನಿನ್ನ ಅಬ್ಬಾರ ಗ್ಯಾರೇಜಿನ ವಿಷಯ. ಅವರಿಗೆ ಓದು ಬರುವುದಿಲ್ಲ, ಅದಕ್ಕೆ ನೀನು ಪ್ರತಿ ಡಬ್ಬಕ್ಕೂ ಒಳಗಿರುವ ಸಾಮಾನಿನದೇ ಒಂದು ಮಾದರಿಯನ್ನು ತಂತಿಯಲ್ಲಿ ಕಟ್ಟಿ ನೇತುಹಾಕಿದೆ ಎಂದು. ಕೊನೆಗೆ, ‘ಇದನ್ನು ನಿಮ್ಮಲ್ಲಿ ಮಾಡಬಲ್ಲೆ. ಮೂರು ತಿಂಗಳು ಬೇಕು’ ಎಂದು. ಅಷ್ಟೆ.

ನಾನು ಸಾಲು ಎಣಿಸಿದೆ. ಎಣಿಸದೆ ಇರಲು ನನಗೆ ಬರುವುದಿಲ್ಲ. ಮೊದಲ ಎರಡು ವಾಕ್ಯ ಬಿಟ್ಟರೆ ಹದಿಮೂರು ಸಾಲಿನವರೆಗೆ ‘ನಾನು’ ಎಂಬ ಮಾತೇ ಇಲ್ಲ. ಅಲ್ಲಿ ಕಾಯುತ್ತಿದ್ದವರು ಇದ್ದರು. ನನ್ನ ಪತ್ರದಲ್ಲಿ ಒಂದೇ ಪುಟಕ್ಕೆ ಒಂಬತ್ತು ‘ನಾನು’. ಹತ್ತನೇ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ, ಏನೇನೋ ಲೆಕ್ಕ ಇಟ್ಟಿದ್ದೇನೆ — ಓದಿದ ಪುಟ, ನಡೆದ ದೂರ, ಹಾಕಿದ ಅರ್ಜಿ. ಬೇರೆಯವರು ಎಷ್ಟು ಹೊತ್ತು ಕಾದರು ಎಂದು ಎಣಿಸಬಹುದು ಎಂಬುದು… ನನಗೆ ಹೊಳೆದೇ ಇರಲಿಲ್ಲ. ಅಲ್ಲಿ ನಿಂತೇ ನನಗೆ ಒಂಥರಾ ಭಯವಾಯಿತು. ದೊಡ್ಡ ಜಲಪಾತದ ಎದುರು ಮೊದಲ ಸಲ ನಿಂತಾಗ ಆಗುತ್ತದಲ್ಲ, ಆ ಥರದ್ದು.

ಅಷ್ಟು ಬೆರಗಾದವಳು ಏನು ಮಾಡಬೇಕಿತ್ತು? ನಿನ್ನ ಬಯೋಡೇಟಾ ಕಂಪ್ಯೂಟರಿನಲ್ಲೇ ಇತ್ತು, ಅದರಲ್ಲಿ ನಂಬರಿತ್ತು. ಫೋನ್ ಮಾಡಿ ‘ತಪ್ಪು ಹೇಳಿಬಿಟ್ಟೆ, ಇದನ್ನೇ ಕಳಿಸು’ ಎಂದರೆ ಸಾಕಿತ್ತು. ಫೋನನ್ನು ಕೈಗೆತ್ತಿಕೊಂಡೆ ಕೂಡ. ಆಮೇಲೆ ಅದೇ ಕೆಲಸಕ್ಕೆ ನಾನೂ ಅರ್ಜಿ ಹಾಕಬೇಕೆಂದಿದ್ದು ನೆನಪಾಯಿತು —

ಗುರುವಾರ ಬೆಳಿಗ್ಗೆ ಇಡೀ ಹಾಳೆಯನ್ನು ಚೆನ್ನಾದ ಇಂಗ್ಲಿಷಿಗೆ ಹಾಕಿದೆ. ಅಷ್ಟು ಶ್ರದ್ಧೆಯಿಂದ ಯಾವ ಪತ್ರವನ್ನೂ ಟೈಪ್ ಮಾಡಿರಲಿಲ್ಲ. ಬದಲಾಯಿಸಿದ್ದು ಮೂರೇ ಜಾಗ. ಒಂದು ಹೆಸರು. ‘ಇವತ್ತು’ ಇದ್ದ ಕಡೆ ‘ಬುಧವಾರ’. ಮೂರನೆಯದು ನಿನ್ನ ಅಬ್ಬಾ. ಅವರನ್ನು ನನ್ನ ಸೋದರಮಾವ ಮಾಡಿದೆ.

ಯಜಮಾನರು ಹತ್ತೇ ದಿನಕ್ಕೆ ಕರೆಸಿದರು. ಬಯೋಡೇಟಾ ತೆರೆಯಲೇ ಇಲ್ಲ. ಪತ್ರ ಅವರ ಕೈಯಲ್ಲಿತ್ತು, ಸಾಲುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರು. “ಏನಮ್ಮ ಭಾಗ್ಯ, ನನ್ ಅಂಗಡೀಗೇ ಬಂದು ನನ್ನನ್ನೇ ಎಣಿಸ್ಕೊಂಡು ಹೋಗಿದೀಯ” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿದರು. “ಇಷ್ಟು ವರ್ಷ ಕೌಂಟರಿನ ಆಚೇನೇ ಕೂತಿದೀನಿ. ಈಚೆ ನಿಂತು ನೋಡಿ ನಂಗೆ ಹೇಳಿದವಳು ನೀನೊಬ್ಬಳೇ.” ಅವರ ದನಿಯಲ್ಲಿದ್ದದ್ದು ನನಗೆ ಗೊತ್ತಿತ್ತು. ಆ ಸಂಜೆ ನಿಂತು ಓದಿದಾಗ ನನಗಾದದ್ದೇ ಅದು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಎಂದುಕೊಂಡರು.

ಪತ್ರ ಕದಿಯಬಹುದು, ಅದರ ಹಿಂದಿನ ಕಣ್ಣನ್ನು ಕದಿಯಲು ಆಗುವುದಿಲ್ಲ ಎಂದು ಒಂದೇ ತಿಂಗಳಲ್ಲಿ ತಿಳಿಯಿತು. ಸ್ಟೋರಿನ ಡಬ್ಬಗಳಿಗೆಲ್ಲ ಮಾದರಿ ಕಟ್ಟಿದೆ, ಹೊಳೆಯುವ ಹೊಸ ಬೇರಿಂಗು, ಹೊಸ ಸೀಲು. ಆದರೂ ಜನ ಕಾಯುವುದು ನಿಲ್ಲಲಿಲ್ಲ. ಹುಡುಕುವವರು ತಪ್ಪು ಸಾಮಾನನ್ನೇ ತಂದು ಕೊಡುತ್ತಿದ್ದರು. ಯಾಕೆಂದು ತಿಳಿಯದೆ ಒಂದು ಭಾನುವಾರ ಭದ್ರಾವತಿಗೆ ಬಂದೆ, ನಿನ್ನ ಅಬ್ಬಾರ ಗ್ಯಾರೇಜಿಗೆ. ಮದುವೆಗೆ ಬಂದಿದ್ದೆ, ಹಾಗೇ ಮಾತಾಡಿಸಿ ಹೋಗೋಣ ಅಂತ ಬಂದೆ ಎಂದಿದ್ದೆ. ಯಾವ ಮದುವೆಯೂ ಇರಲಿಲ್ಲ, ರೇಷ್ಮಾ.

ಆ ಗೋಡೆ. ನೆಲದಿಂದ ಹೆಂಚಿನವರೆಗೆ ಡಬ್ಬಗಳು, ಪ್ರತಿಯೊಂದರಿಂದಲೂ ತಂತಿಯಲ್ಲಿ ಒಂದೊಂದು ತುಂಡು. ಹೊಸದು ಒಂದೂ ಇರಲಿಲ್ಲ. ಎಲ್ಲ ಸವೆದು ಕಪ್ಪಾದವು, ಅಂಚು ಮುರಿದವು. ನಿನ್ನ ಅಬ್ಬಾ ಕಣ್ಣು ಎತ್ತದೆಯೇ ಕೈ ಚಾಚಿ ಒಂದು ಡಬ್ಬದಿಂದ ಬೇಕಾದ ಬುಷ್ ತೆಗೆದುಕೊಂಡರು.

“ಹಳೇದನ್ನ ಯಾಕೆ ಕಟ್ಟಿದೀಯ?” ಎಂದು ಕೇಳಿದೆ, ಸುಮ್ಮನೆ ಕೇಳಿದವಳ ಹಾಗೆ.

“ಬರೋರ ಕೈಯಲ್ಲಿ ಹೊಸದು ಇರುತ್ತಾ ಅಕ್ಕ? ಸವೆದದ್ದನ್ನೇ ತಾನೇ ಹಿಡ್ಕೊಂಡು ಬರೋದು. ಸವೆದದ್ದರ ಪಕ್ಕ ಸವೆದದ್ದು ಹಿಡಿದ್ರೆ ತಕ್ಷಣ ಗೊತ್ತಾಗುತ್ತೆ.”

ನಿನ್ನ ಅಬ್ಬಾ ನಕ್ಕರು. “ಕೂತ್ಕೋ ಬೇಟಾ, ಚಾ ಕುಡಿ. ಈ ಗೋಡೆ ಹತ್ರ ಜಾಸ್ತಿ ಹೊತ್ತು ನಿಲ್ಲೋಕೆ ನಂಗೂ ಹೆದ್ರಿಕೆ. ಸವೆದಿದೀನಲ್ಲ, ನನ್ನನ್ನೂ ಹಿಡಿದು ನೇತುಹಾಕಿಬಿಡ್ತಾಳೆ.”

ನೀನು ಚಹಾ ಕೊಡುತ್ತಾ ಹೇಳಿದೆ: “ಆ ಕೆಲಸ ನಂಗೆ ಆಗ್ಲಿಲ್ಲ ಅಕ್ಕ. ಯಾರಿಗೋ ಆಯ್ತಂತೆ. ನೀವು ಚೆನ್ನಾಗೇ ಮಾಡ್ಕೊಟ್ಟಿದ್ರಿ, ಅವ್ರು ನನಗಿಂತ ಚೆನ್ನಾಗಿರ್ತಾರೆ ಬಿಡಿ.” ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸಕ್ಕೆ ಸೇರಿದ್ದೇನೆ, ದಿನವಿಡೀ ನಿಂತಿರಬೇಕು ಎಂದೆ ನೀನು. ನಿಜ ಹೇಳಲು ನನಗೆ ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ನಾನು ಚಹಾ ಕುಡಿದೆ. ಸೋಮವಾರ ಅಂಗಡಿಗೆ ಹೋಗಿ ಹೊಸ ಮಾದರಿಗಳನ್ನೆಲ್ಲ ಬಿಚ್ಚಿಸಿ ಸವೆದವನ್ನು ಕಟ್ಟಿಸಿದೆ. ಕಾಯುವವರು ಕಡಿಮೆಯಾದರು, ಆ ಹೊಗಳಿಕೆಯೂ ನನ್ನ ಹೆಸರಿಗೇ ಬಂತು. ನಿನ್ನಿಂದ ತೆಗೆದುಕೊಂಡದ್ದರ ಲೆಕ್ಕದಲ್ಲಿ ಅದು ಎರಡನೆಯದು.

ಈಗ ಯಾಕೆ ಹೇಳುತ್ತಿದ್ದೇನೆ? ಹೋದ ವಾರ ಸ್ಟೋರಿಗೆ ಇನ್ನೊಬ್ಬರು ಬೇಕೆಂದು ಯಜಮಾನರು ಜಾಹೀರಾತು ಕೊಟ್ಟಿದ್ದರು. ಇಪ್ಪತ್ತಾರು ಅರ್ಜಿ ಬಂದವು, ಆರಿಸು ಎಂದು ನನಗೇ ಕೊಟ್ಟರು. “ಒಂದೇ ಥರ ಇರೋವನ್ನ ಮೊದಲು ಪಕ್ಕಕ್ಕೆ ಹಾಕು. ಓದಿ ಓದಿ ಸಾಕಾಗಿದೆ.” ಹಾಗೆ ಪಕ್ಕಕ್ಕೆ ಹಾಕಿದ್ದು ಹದಿನೇಳು. ಹದಿನೇಳನೆಯದು ನಿನ್ನದು. ನಾನು ಮಾಡಿಕೊಟ್ಟದ್ದೇ, ಅಕ್ಷರ ಅಕ್ಷರವೂ ಅದೇ. ತಾರೀಖು ಮಾತ್ರ ಹೊಸದು. ನನ್ನ ಮಾತನ್ನು ನಂಬಿ ನೀನು ಅದರ ಪ್ರತಿಯನ್ನು ಮೂರು ವರ್ಷ ಜೋಪಾನ ಮಾಡಿದ್ದೆ. ಇನ್ನೆಷ್ಟು ಕಡೆ ಅದನ್ನೇ ಕಳಿಸಿದ್ದೀಯೋ, ಎಷ್ಟು ಮೇಜುಗಳ ಮೇಲೆ ಅದು ಹೀಗೇ ಪಕ್ಕಕ್ಕೆ ಬಿತ್ತೋ — ಆ ಎಣಿಕೆ ನನ್ನ ಹತ್ತಿರ ಇಲ್ಲ. ನನ್ನದೆಂದು ಬರೆಯಬೇಕಾದ ಲೆಕ್ಕ ಅದೊಂದೇ.

ಇವತ್ತು ಬೆಳಿಗ್ಗೆ ನಿನ್ನ ಕೈಬರಹದ ಹಾಳೆಯನ್ನು ಯಜಮಾನರ ಮುಂದಿಟ್ಟೆ. ಎಲ್ಲ ಹೇಳಿದೆ. ಅವರು ಎರಡೂ ಕಡೆ ಓದಿದರು, ನಿಧಾನವಾಗಿ.

“ಹಾಗಾದ್ರೆ ಅವತ್ತು ಇಲ್ಲಿ ನಿಂತಿದ್ದವಳು ನೀನಲ್ಲ.”

“ಅಲ್ಲ ಸರ್.”

ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ “ನಂಬರ್ ಕೊಡು. ನಾನೇ ಮಾತಾಡ್ತೀನಿ, ನೀನು ಫೋನ್ ಮಾಡ್ಬೇಡ” ಎಂದರು. ಕೊಟ್ಟೆ. ಸ್ಟೋರಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದೆ. ಇಟ್ಟು ಹೋಗು ಎನ್ನಲಿಲ್ಲ, ತಗೊಂಡು ಹೋಗು ಎಂದೂ ಅನ್ನಲಿಲ್ಲ.

ಅವರು ನಾಳೆ ಫೋನ್ ಮಾಡಬಹುದು. ಅದಕ್ಕೆ ಮೊದಲು ಈ ಕಾಗದ ನಿನ್ನ ಕೈ ಸೇರಬೇಕೆಂದು ಈಗಲೇ ಭದ್ರಾವತಿ ಬಸ್ಸು ಹತ್ತುತ್ತಿದ್ದೇನೆ. ಕೊಟ್ಟು ಹೊರಟುಬಿಡುತ್ತೇನೆ, ಕೂರುವುದಿಲ್ಲ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ನಿನ್ನ ಸ್ವಭಾವ ನನಗೆ ಗೊತ್ತು. ಅವರು ನನ್ನ ಹೆಸರು ಎತ್ತಿದ ಕೂಡಲೇ ‘ಭಾಗ್ಯಕ್ಕನೇ ಹೇಳಿ ಕೊಡಿಸಿದರು’ ಎಂದುಕೊಂಡು ನನಗೆ ಥ್ಯಾಂಕ್ಸ್ ಹೇಳುತ್ತೀಯ. ನಿನ್ನಿಂದ ಎರಡು ಸಲ ತೆಗೆದುಕೊಂಡಿದ್ದೇನೆ, ರೇಷ್ಮಾ. ಅದನ್ನೂ ತೆಗೆದುಕೊಳ್ಳಲಾರೆ.