ಗ್ರಹಣದ ದೋಷವಲ್ಲ ಎಂದ ಬಾಯಾರು

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಬಾಯಾರು ತೀರಿಕೊಂಡರೆಂದು ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ಹೇಳಿ ಹೋದಳು. ಮೊದಲು ಕಣ್ಣಿಗೆ ಕಟ್ಟಿದ್ದು ಅವರ ಬಲಗೈ ಹೆಬ್ಬೆರಳು; ಹೊದೆಯುವ ಕೌದಿಗೆಂದು ಹಳೆ ಸೀರೆ ಕತ್ತರಿಸಿ ಕತ್ತರಿಸಿ ದಡ್ಡುಗಟ್ಟಿತ್ತು. ಚಿಕ್ಕೋಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಟೀಚರಮ್ಮ, ಓಣಿಗೆಲ್ಲ ಬಾಯಾರು; ಮನೆಗೆ ಬಂದರೆ ಸೂಜಿ-ದಾರ. ಸುಮ್ಮನೆ ಕೂತವರನ್ನು ಕಂಡರೆ ಕೌದಿಯ ಒಂದು ತುದಿ ಹಿಡಿಸುತ್ತಿದ್ದರು.

ನನ್ನ ಮಗ ಆರು ತಿಂಗಳಾದರೂ ಕುತ್ತಿಗೆ ನಿಲ್ಲಿಸಲಿಲ್ಲ. ಬಸುರಿದ್ದಾಗ ಗ್ರಹಣದ ಹೊತ್ತಿನಲ್ಲಿ ನಾನು ಈಳಿಗೆ ಹಿಡಿದು ಹೀರೇಕಾಯಿ ಹೆಚ್ಚಿದ್ದೆ. ಅದಕ್ಕೇ ಹೀಗಾಯಿತೆಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ನಂಬಿ ಉಪವಾಸ ಹಿಡಿದೆ.

ಬೆಳಗಾವಿಯ ಡಾಕ್ಟರು ರಕ್ತ ನೋಡಿ ಹೇಳಿದ ರೋಗದ ಹೆಸರು ನಮಗೆ ತಿಳಿಯಲಿಲ್ಲ. ಬಾಯಾರು ಹಳೆ ಸೀರೆ ಹರವಿ ತಿಳಿಸಿದರು. ಜೀವಕೋಶ ತನ್ನ ಜೀನಿನಿಂದ ಮೊದಲು ಉದ್ದನೆಯ ಆರ್‌ಎನ್‌ಎ ನಕಲು ತೆಗೆಯುತ್ತದಂತೆ. ಅದರಲ್ಲಿ ಬೇಕಾದ ತುಂಡುಗಳ ನಡುವೆ ಬೇಡದವೂ ಇರುತ್ತವೆ. ಸಣ್ಣ ಆರ್‌ಎನ್‌ಎ, ಪ್ರೋಟೀನು ಕೂಡಿ ಆದ ಒಂದು ಯಂತ್ರ ಬೇಡದ್ದರ ಎರಡೂ ಅಂಚು ಗುರುತಿಸಿ ಕತ್ತರಿಸಿ, ಬೇಕಾದವನ್ನು ಜೋಡಿಸುತ್ತದೆ. ಹಾಗೆ ಜೋಡಿಸಿದ್ದನ್ನು ಓದಿಯೇ ಹೊಸ ಪ್ರೋಟೀನು ತಯಾರಾಗುವುದು.

“ನಿನ್ನ ಮಗಗ ಒಂದ ಜೀನ್ ತಾಯಿ-ತಂದಿ ಇಬ್ಬರ ಕಡಿಂದನೂ ಕೆಟ್ಟ ಬಂದೈತಿ,” ಎಂದರು. “ಅದರಂಥದ್ದ ಇನ್ನೊಂದೈತಿ, ಆದ್ರ ಅದರ ನಕಲಿನ್ಯಾಗ ಬೇಕಾದ ತುಂಡನ್ನ ಬಾಳ ಸಲ ಆ ಯಂತ್ರ ಬಿಟ್ಟ ಜೋಡಸ್ತೈತಿ. ಅದಕ್ಕ ಬೇಕಾದ ಪ್ರೋಟೀನ್ ಸಾಲದ ಕೂಸಿನ ನರ ಸೊರಗ್ಯಾವ. ನಿನ್ನ ಈಳಿಗಿ ಅಲ್ಲಿಗಿ ಮುಟ್ಟೂದಿಲ್ಲ ಯವ್ವಾ.”

ಆ ತುಂಡು ಬಿಟ್ಟುಹೋಗದಂತೆ ಮಾಡುವ ಔಷಧಿ ಇದೆಯೆಂದೂ ಅವರೇ ಹೇಳಿದರು. ಯಾರ್ಯಾರಿಗೋ ಫೋನು ಮಾಡಿದರು. ಕೋಟಿ ಬೆಲೆಯ ಆ ಔಷಧಿ ನಮ್ಮ ಮನೆಯವರೆಗೆ ಬರಲಿಲ್ಲ. ಮಗ ಹೋದ.

ಮಣ್ಣು ಮಾಡಿ ಬಂದ ದಿನವೂ ಅತ್ತೆ ಅದೇ ಗ್ರಹಣದ ಮಾತು ತೆಗೆದರು. “ನಿಮ್ಮ ಮಗನ ಪಾಲೂ ಐತ್ರಿ ಅದರಾಗ,” ಎಂದರು ಬಾಯಾರು, ಎಲ್ಲರೆದುರು. ನನ್ನ ಗಂಡ ಎದ್ದು ಹೊರಗೆ ನಡೆದರು. ಮರುದಿನ, ಇನ್ನು ಬಾಯಾರ ಮನೆಗೆ ಹೋಗಬೇಡ ಎಂದರು. ಅಲ್ಲಿಂದ ಮುಂದೆ ಓಣಿಯಲ್ಲಿ ಎದುರಾದರೂ ಬಾಯಾರು ಮಾತಾಡಿಸಿ ನನ್ನನ್ನು ಸಂಕಟಕ್ಕೆ ಸಿಕ್ಕಿಸಲಿಲ್ಲ; ಸೆರಗು ಸರಿಪಡಿಸಿಕೊಂಡು ಹಾಯ್ದು ಹೋಗುತ್ತಿದ್ದರು.

ಈಗ ಸುದ್ದಿ ಕೇಳಿ ಅತ್ತೆ, “ದೊಡ್ಡ ಶ್ಯಾಣ್ಯಾಕಿ ಇದ್ಲು. ಆಕಿನ್ನ ಸಾವ ಬಿಡ್ತೇನ?” ಎಂದರು. ನಾನು ಯಾರ ಅಪ್ಪಣೆಯನ್ನೂ ಕೇಳದೆ ಹೋಗಿ ಮುಖ ನೋಡಿ ಬಂದೆ.

ದೇವರು ನನ್ನ ಮಗನನ್ನು ಉಳಿಸಲಿಲ್ಲ. ಆದರೆ ‘ಮಗ ನಿನ್ನ ಕೈಯಿಂದ ಹೋಗಲಿಲ್ಲ’ ಎಂದು ಹೇಳುವ ಒಬ್ಬರನ್ನಾದರೂ ಇದೇ ಓಣಿಯಲ್ಲಿ ಇಟ್ಟಿದ್ದ. ಅಷ್ಟಕ್ಕೆ ಕೈ ಮುಗಿದೆ. ತಲೆಯ ಮೇಲೆ ನೀರು ಹಾಕಿಕೊಂಡು ಬಂದು, ಅತ್ತೆಗೆ ಮೆತ್ತಗಿನ ಅನ್ನಕ್ಕೆಂದು ಅಕ್ಕಿ ತೊಳೆದೆ.