ಇಬ್ಬರಿಗೂ ಔಷಧಿ ಕೊಡಿಸಿದ ಸಿಸ್ಟರ್

ಸಾಬೂನಿಗೆ ಬಿಳಿಚಿಕೊಂಡ ಬೆರಳುಗಳು, ಎಡಗೈಗೆ ಗಂಡಸರ ದೊಡ್ಡ ವಾಚು, ವಾರ್ಡಿನ ಆ ತುದಿಗೂ ಕೇಳುವ ಗಂಟಲು. ಶಿರಾದ ಆಸ್ಪತ್ರೆಯಲ್ಲಿದ್ದ ನಮ್ಮ ಸಿಸ್ಟರು ಹಾಗಿದ್ದರು. ಗುಪ್ತ ಕಾಯಿಲೆಯ ಮಾತು ಬಂದರೆ ಮಾತ್ರ ಬಾಗಿಲು ಮುಂದಕ್ಕೆ ಮಾಡಿ, ಕುರ್ಚಿ ಹತ್ತಿರ ಎಳೆದುಕೊಂಡು, ಮೆಲ್ಲಗೆ ಕೇಳುತ್ತಿದ್ದರು.

ನಾನು ಮದಲೂರು ಕಡೆಯ ಶಾಲೆಯಲ್ಲಿ ಮೇಷ್ಟ್ರು. ತರಬೇತಿಗೆಂದು ಬೇರೆ ಊರಿಗೆ ಹೋದಾಗ ತಪ್ಪು ಮಾಡಿದ್ದೆ. ಅದಕ್ಕೆ ಸಬೂಬು ಹೇಳುವುದಿಲ್ಲ. ವಾಪಸು ಬಂದ ವಾರದೊಳಗೆ ಉರಿಮೂತ್ರ, ಕೀವು. ಉಷ್ಣ ಅಂದುಕೊಂಡು ಎಳನೀರು, ಬಾರ್ಲಿ ನೀರು, ಕಾಮಕಸ್ತೂರಿ ಬೀಜ ಎಲ್ಲ ಕುಡಿದೆ. ಓದಿದವನ ಬುದ್ಧಿಗೇಡಿತನ ಅಂದರೆ ಇದೇ.

ಕೊನೆಗೆ ಆಸ್ಪತ್ರೆಗೆ ಹೋದೆ. ನಾನು ಹೇಳಿದ್ದು ಕೇಳಿದ ಕೂಡಲೇ ಸಿಸ್ಟರ್ ಗುರುತಿಸಿದರು. "ಇದು ಉಷ್ಣ ಅಲ್ಲ ಮೇಷ್ಟ್ರೇ, ಗೊನೊರಿಯಾ ಅನ್ನೋ ಗುಪ್ತ ಕಾಯಿಲೆ ಇದ್ದಂಗೈತೆ. ಪರೀಕ್ಷೆ ಮಾಡ್ಸನ, ವಾಸಿಯಾಯ್ತದೆ. ಊರಿಂದ ಬಂದ್ಮೇಲೆ ಮನೆಯವ್ರ ಜೊತೆ ಕೂಡಿದ್ರಾ?"

ಹೌದೆಂದು ತಲೆಯಾಡಿಸಿದೆ. "ಏಳು ತಿಂಗಳ ಬಸುರಿ. ಅವಳಿಗೇನೂ ತೊಂದರೆ ಇಲ್ಲ."

"ಹೆಂಗಸ್ರಿಗೆ ಎಷ್ಟೋ ಸಲ ಗೊತ್ತೇ ಆಗಲ್ಲ. ಅಂಗೇ ಬುಟ್ರೆ ಹೆರಿಗೇಲಿ ಮಗೀನ ಕಣ್ಣಿಗೆ ತಗಲ್ತದೆ. ಕಣ್ಣೇ ಹೋಗ್ಬೋದು ಕಣ್ರೀ."

ಹೆಂಡತಿಯ ಔಷಧಿ ನನ್ನ ಕೈಗೇ ಕೊಡಿ, ಶಕ್ತಿ ಮಾತ್ರೆ ಅಂತ ಹೇಳಿ ನುಂಗಿಸುತ್ತೇನೆ ಎಂದೆ. ಸಿಸ್ಟರ್ ಕಣ್ಣು ಕೆಂಪಗೆ ಮಾಡಿಕೊಂಡರು.

"ಮಕ್ಳಿಗೆ ಸುಳ್ಳು ಹೇಳ್ಬ್ಯಾಡಿ ಅಂತ ಪಾಠ ಮಾಡ್ತೀರ. ಮೈ ಅವ್ರದು, ಹೊಟ್ಟೇಲಿರೋ ಮಗು ಅವ್ರದು. ಔಷಧಿ ಯಾತಕ್ಕೆ ಅಂತ ಅವ್ರಿಗೆ ಗೊತ್ತಾಗ್ಬ್ಯಾಡ್ವಾ? ನೀವೇ ಹೇಳಿ ಕರ್ಕಂಡು ಬನ್ನಿ. ಬೈದ್ರೆ ಬೈಸ್ಕಳಿ."

ಅಂದು ಸಂಜೆಯೇ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಮಾರನೇ ದಿನ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತು ಬಂದಳು. ಡಾಕ್ಟರು ಪರೀಕ್ಷೆ ಮಾಡಿಸಿ ಇಬ್ಬರಿಗೂ ಇಂಜೆಕ್ಷನ್ ಕೊಟ್ಟರು. ಪೂರ್ತಿ ವಾಸಿಯಾಗುವ ತನಕ ದೂರ ಇರಿ, ಮತ್ತೊಮ್ಮೆ ಪರೀಕ್ಷೆಗೆ ಬನ್ನಿ ಎಂದು ಸಿಸ್ಟರ್ ತಾಕೀತು ಮಾಡಿದರು. ಹೆರಿಗೆಯ ದಿನ ಮಗಳನ್ನು ಬೆಳಕಿಗೆ ಹಿಡಿದು, "ನೋಡ್ರೀ, ಹೆಂಗೆ ಪಿಳಿಪಿಳಿ ಅಂತ ನೋಡ್ತಾವ್ಳೆ" ಎಂದರು.

ಮಧುಗಿರಿ, ಕೊರಟಗೆರೆಯಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಅಂಥವರು ನಮ್ಮ ತಾಲ್ಲೂಕಿನಲ್ಲಿ ಇದ್ದರು ಅಂತ ಎದೆಯುಬ್ಬಿಸಿ ಹೇಳುತ್ತೇನೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಮಗ, "ಅಮ್ಮಂಗೆ ನೀವು ಹೆಂಗೆ ಪರಿಚಯ ಸಾರ್?" ಎಂದು ಕೇಳಿದ. ಇಷ್ಟು ವರ್ಷ ಮನೆಯಲ್ಲೂ ಅವರು ನಮ್ಮ ವಿಷಯಕ್ಕೆ ಬಾಯಿ ಬಿಟ್ಟಿರಲಿಲ್ಲ.

ನನ್ನ ಹೆಂಡತಿ ಮುಂದೆ ಬಂದಳು. "ನಿಮ್ಮಮ್ಮ ಇವ್ರ ಬಾಯಲ್ಲಿ ನಿಜ ಹೇಳ್ಸಿದ್ರು ಕಣಪ್ಪ. ಅದಕ್ಕೇ ಇವತ್ತೂ ಇವ್ರ ಜೊತೇಲಿದೀನಿ" ಎಂದಳು.